ಹೂಂಗುಟ್ಟುವವನ ನೋಟ್‌ಬುಕ್

ಹೂಕುಂಡಗಳು ಬಂದಿಳಿದ ದಿನ ಎಲ್ಲರಿಗೂ ಖಾತ್ರಿಯಾಯಿತು, ಈ ಸಲ ನ್ಯಾಕ್ ಸಮಿತಿ ಬಂದೇ ಬರುತ್ತದೆ ಎಂದು. ಎರಡು ಟೆಂಪೊ ತುಂಬ ಕ್ರೋಟನ್ ಗಿಡ, ಹದಿನೈದು ದಿನದ ಬಾಡಿಗೆಗೆ. ಮಾಲಿಗಳು ಅವನ್ನು ಗೇಟಿನಿಂದ ಆಡಳಿತ ಕಚೇರಿಯವರೆಗೆ ಸಾಲಾಗಿ ಜೋಡಿಸಿ, ಕುಂಡದ ಮೇಲೆ ಬಳಿದಿದ್ದ ನರ್ಸರಿಯ ಹೆಸರು ಕಾಣದ ಹಾಗೆ ಒಂದೊಂದನ್ನೇ ಗೋಡೆಯ ಕಡೆ ತಿರುಗಿಸಿಟ್ಟರು.

ಸಂಖ್ಯಾಶಾಸ್ತ್ರ ವಿಭಾಗದ ಜಯತೀರ್ಥ ಮೊದಲ ಮಹಡಿಯ ಕಿಟಕಿಯಲ್ಲಿ ನಿಂತು ಅದನ್ನು ನೋಡುತ್ತಿದ್ದ. ವಡೋದರಾದ ದಕ್ಷಿಣದ ಅಂಚಿನಲ್ಲಿರುವ ಈ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವನಿಗೆ ಹನ್ನೊಂದು ವರ್ಷ. ಐದು ವರ್ಷಕ್ಕೊಮ್ಮೆ ಹೊರರಾಜ್ಯಗಳ ಮೂವರು ಪ್ರಾಧ್ಯಾಪಕರು ಬಂದು, ಎರಡು ದಿನ ಕಡತ ಬಿಚ್ಚಿ ನೋಡಿ, ಶ್ರೇಣಿ ಕೊಟ್ಟು ಹೋಗುವುದನ್ನು ಅವನು ಈಗ ಎರಡನೆಯ ಸಲ ಕಾಣುತ್ತಿದ್ದ. ಕಳೆದ ಸಲ ಗೋಡೆಗೆ ತಿಳಿಹಳದಿ ಬಳಿದಿದ್ದರು, ಈ ಸಲ ತಿಳಿನೀಲಿ. ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಗೆ ಬೋರ್ಡು ಬಂದಿತ್ತು. ಒಳಗಿನ ಮುರುಕು ಬೆಂಚು ಹೋಗಿ ಸೋಫಾ ಬಂದಿತ್ತು. ಸಮಿತಿ ಬಂದು ಹೋಗುವ ತನಕ ಯಾರೂ ಅದರ ಮೇಲೆ ಕೂರಬಾರದೆಂದು ಬಾಗಿಲಿಗೆ ಬೀಗವೂ ಬಂದಿತ್ತು.

ಜಯತೀರ್ಥ ಸಿಂಧನೂರು ಕಡೆಯವನು, ವಯಸ್ಸು ನಲವತ್ತೆಂಟು. ಮಂಜಲ್‌ಪುರದ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಇರುತ್ತಿದ್ದ. ಹೆಂಡತಿ ಪದ್ಮಾ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದವಳು. ಮೂರು ವರ್ಷದ ಹಿಂದೆ ಸೂರತ್‌ಗೆ ವರ್ಗವಾಗಿ ಹೋಗಿದ್ದಳು. ಮಗಳು ಸಂಜನಾ ಅಮ್ಮನ ಜೊತೆಗೇ ಹೋದಳು. ಮೊದಮೊದಲು ಇವನು ಪ್ರತಿ ಶನಿವಾರ ರೈಲು ಹತ್ತುತ್ತಿದ್ದ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ಜಗಳವೇನೂ ಆಗಿರಲಿಲ್ಲ. ಅಲ್ಲಿ ಹೋದರೆ ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಪದ್ಮಾ ಟೀವಿಯ ದನಿ ಕಡಿಮೆ ಮಾಡಿ ಇವನು ಮಾತಾಡಲೆಂದು ಕಾಯುತ್ತಿದ್ದಳು. ಇವನಿಗೆ ಮಾತು ಸಿಗುತ್ತಿರಲಿಲ್ಲ, ಅವಳು ದನಿ ಮತ್ತೆ ಹೆಚ್ಚಿಸುತ್ತಿದ್ದಳು. ಇಲ್ಲಿ ಬೆಳಗ್ಗೆ ಸ್ನಾನ ಮಾಡಿ ದೇವರ ಮುಂದೆ ಪದ ಹೇಳಿಕೊಳ್ಳುವಾಗ ಅವನ ಕನ್ನಡ ಅವನಿಗೆ ಕೇಳುತ್ತಿತ್ತು. ಬೀಗ ಹಾಕಿ ಹೊರಬಿದ್ದ ಮೇಲೆ ದಿನವಿಡೀ ಹಿಂದಿ, ಇಂಗ್ಲಿಷು, ಅಲ್ಲಷ್ಟು ಇಲ್ಲಷ್ಟು ಗುಜರಾತಿ.

ಮಾತಿಗಿಂತ ಕೇಳುವುದೇ ಅವನಿಗೆ ಬರುತ್ತಿದ್ದ ವಿದ್ಯೆ. ಅದು ಮನೆಯಲ್ಲಿ ಕಲಿತದ್ದು. ಅಜ್ಜ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಕೆಂಪು ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದು ಪದ್ಯ ಓದುತ್ತಿದ್ದ. ಒಂದೊಂದು ಪದ್ಯ ಮುಗಿದಾಗಲೂ ಎದುರಿಗಿದ್ದ ಯಾರಾದರೂ ‘ಹೂಂ’ ಅನ್ನಬೇಕು. ಅನ್ನದಿದ್ದರೆ ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲ, ಕನ್ನಡಕದ ಮೇಲಿಂದ ನೋಡಿ “ಯಾರರ ಅದೀರೋ, ಎಲ್ಲಾ ಎದ್ದು ಹೋದ್ರೋ?” ಎಂದು ಕೇಳುತ್ತಿದ್ದ. ದೊಡ್ಡವರಿಗೆ ಕೆಲಸ. ಹಾಗಾಗಿ ಹೂಂಗುಟ್ಟುವ ಪಾಳಿ ಏಳು ವರ್ಷದ ಜಯತೀರ್ಥನಿಗೆ ಬಂತು. ಅರ್ಥ ಅರ್ಧಕ್ಕರ್ಧ ಆಗುತ್ತಿರಲಿಲ್ಲ. ಆದರೆ ಪದ್ಯ ಎಲ್ಲಿ ಇಳಿಯುತ್ತದೆ, ಓದುವವನ ಉಸಿರು ಎಲ್ಲಿ ಮುಗಿಯುತ್ತದೆ, ಎಷ್ಟು ತಡೆದು ಹೂಂ ಅಂದರೆ ಅಜ್ಜನಿಗೆ ಹಿತವಾಗುತ್ತದೆ ಎಂಬುದು ಕಿವಿಗೆ ಕೂತುಬಿಟ್ಟಿತ್ತು.

ವಿಶ್ವವಿದ್ಯಾಲಯದ ನಿಯಮದಂತೆ ಪ್ರತಿ ಅಧ್ಯಾಪಕರಿಗೂ ಇಪ್ಪತ್ತು ವಿದ್ಯಾರ್ಥಿಗಳನ್ನು ಹಂಚಿದ್ದರು. ಅಧ್ಯಾಪಕರು ಅವರಿಗೆ ‘ಮೆಂಟರ್’. ಅವರ ಕಷ್ಟಸುಖ ಕೇಳಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು. ಬೇರೆಯವರು ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಂಡು ಬಿಟ್ಟರೆ, ಜಯತೀರ್ಥ ದಿನಾ ನಾಲ್ಕು ಗಂಟೆಗೆ ವಿಭಾಗದ ಹಿಂದಿನ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಿದ್ದ. ಹುಡುಗರು ಒಬ್ಬೊಬ್ಬರಾಗಿ ಬಂದು ಮಾತಾಡುತ್ತಿದ್ದರು. ಅವನು ಬುದ್ಧಿ ಹೇಳುತ್ತಿರಲಿಲ್ಲ. ಮಾತು ಇಳಿದ ಕಡೆ ‘ಹೂಂ’ ಅನ್ನುತ್ತಿದ್ದ. ಅವರು ಅವನಿಗೆ ‘ಹೂಂ ಸರ್’ ಎಂದು ಹೆಸರಿಟ್ಟಿದ್ದರು.

ಅವರು ಎದ್ದು ಹೋದ ಮೇಲೆ ಅವನು ಚೀಲದಿಂದ ದಾರ ಹೊಲಿದ ದಪ್ಪ ನೋಟ್‌ಬುಕ್ ತೆಗೆದು, ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಕನ್ನಡದಲ್ಲಿ. ಹೃಷಿಕೇಶ ಹಾಸ್ಟೆಲ್ಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾನಂತೆ. ಅಳುವುದಕ್ಕಲ್ಲ, ನೀರು ಪೋಲಾಗುವುದಕ್ಕೆ ಅವನಿಗೆ ನಾಚಿಕೆ. ಯಾರೂ ಬರದ ದಿನ ಜಯತೀರ್ಥನದೇ ಒಂದು ಸಾಲು: ‘ಇವತ್ತು ಯಾರೂ ಬರಲಿಲ್ಲ. ಸೂರತ್‌ಗೆ ಫೋನ್ ಮಾಡಿದೆ. ಪದ್ಮಾ ಊಟ ಆಯ್ತಾ ಅಂದಳು. ಆಗ ಗಂಟೆ ನಾಲ್ಕೂವರೆ.’

ಈ ನೋಟ್‌ಬುಕ್ ಬೇರೆಯವರ ಕಣ್ಣಿಗೆ ಬಿದ್ದದ್ದು ಮಂಥನ್‌ನಿಂದ. ನ್ಯಾಕ್ ತಯಾರಿಯ ಸಂಯೋಜಕ ಅವನು; ವಾಣಿಜ್ಯ ವಿಭಾಗದ ಮೂವತ್ತಾರರ ಚುರುಕು ಮನುಷ್ಯ. ಎಂಟು ತಿಂಗಳಿಂದ ಸರಿಯಾಗಿ ಊಟ ಮಾಡದೆ, ಸಿಕ್ಕಸಿಕ್ಕವರ ಡಬ್ಬಿಯಿಂದ ಥೇಪ್ಲಾ ರೊಟ್ಟಿ ತಿಂದುಕೊಂಡೇ ಓಡಾಡುತ್ತಿದ್ದ. ಸೆಮಿನಾರ್ ಹಾಲಿನಲ್ಲಿ ನಲವತ್ತು ಅಧ್ಯಾಪಕರು ಐದು ವರ್ಷದ ಮೆಂಟರ್ ರಿಜಿಸ್ಟರನ್ನು ಒಂದೇ ವಾರದಲ್ಲಿ ಬರೆದು ಮುಗಿಸುತ್ತಿದ್ದರು. ಮೊದಲ ವರ್ಷಕ್ಕೆ ನೀಲಿ ಪೆನ್ನು, ಎರಡನೆಯದಕ್ಕೆ ಕಪ್ಪು. ಹೊಸ ಪುಸ್ತಕ ಹಳೆಯದಾಗಿ ಕಾಣಲೆಂದು ತಾರಸಿಯ ಬಿಸಿಲಿಗೆ ಹರವಿದ್ದರು, ಹಪ್ಪಳದ ಹಾಗೆ.

“ನೋಡಿ ಇಲ್ಲಿ,” ಎಂದು ಮಂಥನ್ ಒಂದು ರಿಜಿಸ್ಟರ್ ಎತ್ತಿ ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಕೂಗಿದ. “ಎಂಟುನೂರು ವಿದ್ಯಾರ್ಥಿಗಳು. ಎಲ್ಲರೂ ನಾಚಿಕೆ ಸ್ವಭಾವದವರು. ಎಲ್ಲರೂ ಮೂರನೇ ಭೇಟಿಗೆ ಸುಧಾರಿಸಿದ್ದಾರೆ! ಇದು ಯೂನಿವರ್ಸಿಟೀನೋ, ಪ್ರಕೃತಿ ಚಿಕಿತ್ಸೆ ಕೇಂದ್ರಾನೋ? ಒಬ್ಬರಾದರೂ ಬೇರೆ ರೋಗ ಬರೀರಪ್ಪಾ!”

ಜಯತೀರ್ಥನ ರಿಜಿಸ್ಟರ್ ಖಾಲಿಯಿತ್ತು.

“ಅರೇ ಜಯತೀರ್ಥಭಾಯ್, ನಿಮ್ಮ ಮಕ್ಕಳಿಗೆ ನಾಚಿಕೇನೂ ಇಲ್ವಾ?”

“ನಾನು ಬೇರೆ ಬರೆದಿಟ್ಟಿದ್ದೀನಿ,” ಎಂದ ಜಯತೀರ್ಥ. ಎಂದವನು ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದ್ದರು. ಚೀಲಕ್ಕೆ ಕೈ ಹಾಕಿ ನೋಟ್‌ಬುಕ್ ತೆಗೆದು ಕೊಟ್ಟ.

ಮಂಥನ್ ಪುಟ ತಿರುಗಿಸಿದ. ನಿಜವಾದ ತಾರೀಖುಗಳು, ನಿಜವಾದ ಮಸಿ, ನಿಜವಾದ ಚಹಾದ ಕಲೆ. ಅವನ ಮುಖದ ತಮಾಷೆ ಇಳಿಯಿತು. “ಇಷ್ಟೊಂದು ಜಿಲೇಬಿ ಯಾವಾಗ ಹುಯ್ದಿರಿ?” ಎಂದು ಮೆಲ್ಲಗೆ ಕೇಳಿದ. ದಕ್ಷಿಣದ ಲಿಪಿಗೆಲ್ಲ ಅವನು ಜಿಲೇಬಿ ಅನ್ನುತ್ತಿದ್ದ. “ಇದು ಚಿನ್ನ, ಭಾಯ್. ಮೂವತ್ತೊಂಬತ್ತು ಸುಳ್ಳಿನ ನಡುವೆ ಒಂದು ನಿಜ ಇಟ್ಟರೆ ಎಲ್ಲವೂ ನಿಜ ಅನ್ನಿಸುತ್ತೆ. ಪ್ರತಿ ಪುಟಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ಸಾಲು ಸಾರಾಂಶ ಬರೆದುಕೊಡಿ. ನಿಮ್ಮ ಬಡ್ತಿ ಫೈಲು ಟ್ರಸ್ಟಿಗಳ ಮೇಜಿನ ಮೇಲಿದೆಯಲ್ಲ, ಸಮಿತಿ ಹೋದ ಮಾರನೇ ದಿನ ನಾನೇ ಸಹಿ ಹಾಕಿಸ್ತೀನಿ.”

ಜಯತೀರ್ಥ ಒಪ್ಪಿದ. ಕನ್ನಡದಲ್ಲಿದೆಯಲ್ಲ, ಇಲ್ಲಿ ಓದುವವರು ಯಾರು? ಇಷ್ಟು ವರ್ಷ ಆ ಲಿಪಿಯೇ ಅವನಿಗೆ ಬೀಗವಾಗಿತ್ತು. ಮನೆಗೆ ಹೋಗಿ ಸಾರಾಂಶ ಬರೆಯತೊಡಗಿದ. ಹೃಷಿಕೇಶನ ಪುಟಕ್ಕೆ: ಓದಿನ ವಿಷಯ ಚರ್ಚಿಸಲಾಯಿತು. ಯಾರೂ ಬರದ ದಿನದ ಪುಟಕ್ಕೂ ಓದಿನ ವಿಷಯ ಚರ್ಚಿಸಲಾಯಿತು. ಪೂರ್ವಿಯ ಪುಟಕ್ಕೆ ಬಂದಾಗ ಸ್ವಲ್ಪ ಹೊತ್ತು ಕೈ ನಿಂತಿತು.

ಪೂರ್ವಿ ಸೂರತ್‌ನ ವರಾಛಾದ ಹುಡುಗಿ, ಬಿ.ಎಸ್‌ಸಿ. ಕೊನೆಯ ವರ್ಷ. ಅಪ್ಪ ವಜ್ರ ಉಜ್ಜುವ ಕಾರ್ಖಾನೆಯಲ್ಲಿ ಕಾರೀಗರ. ಅವಳ ಮದುವೆ ಅಖಾತ್ರೀಜಿನ, ಅಂದರೆ ಅಕ್ಷಯ ತದಿಗೆಯ, ದಿನಕ್ಕೆ ಗೊತ್ತಾಗಿತ್ತು. ಗಂಡು ಈ ವಿಶ್ವವಿದ್ಯಾಲಯದ ಟ್ರಸ್ಟಿ ಯಶವಂತ್‌ಭಾಯ್‌ ಅವರ ತಮ್ಮನ ಮಗ. ಹಾಗಾಗಿಯೇ ಕ್ಯಾಂಪಸ್ಸಿನಲ್ಲಿ ಅವಳು ಎಲ್ಲಿ ಹೋದರೂ ಯಾರಾದರೊಬ್ಬರು ‘ವಹೂ’, ಸೊಸೆ, ಎಂದು ನಗುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಇದ್ದದ್ದು ಹೀಗೆ: ‘ಪೂರ್ವಿ ಅಹಮದಾಬಾದಿಗೆ ಹೋಗಿ ಎಂ.ಎಸ್‌ಸಿ. ಪ್ರವೇಶ ಪರೀಕ್ಷೆ ಬರೆದು ಬಂದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸೀಟು ಸಿಕ್ಕರೆ ಮದುವೆ ಒಲ್ಲೆ ಅನ್ನುತ್ತಾಳೆ. ಉಂಗುರ ಕಂಪಾಸ್ ಡಬ್ಬಿಯಲ್ಲಿತ್ತು.’

ಓದಿನ ವಿಷಯ ಚರ್ಚಿಸಲಾಯಿತು, ಎಂದು ಬರೆದ. ಇದೊಂದು ಪೂರ್ತಿ ಸುಳ್ಳಲ್ಲ ಅನ್ನಿಸಿತು.

ಮಂಥನ್ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿಸಿ, ವಿಭಾಗದ ಮೊಹರು ಒತ್ತಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡ.

ಸಮಿತಿಯ ಸದಸ್ಯರು ಯಾರೆಂಬುದು ಕೊನೆಯ ತನಕ ಗುಟ್ಟು. ಭೇಟಿಗೆ ಐದು ದಿನ ಇರುವಾಗ ಹೆಸರು ಬಂತು. ಮಂಥನ್ ಸ್ಟಾಫ್ ರೂಮಿಗೆ ಪೇಢೆಯ ಡಬ್ಬಿ ಹಿಡಿದೇ ಬಂದ.

“ಜಯತೀರ್ಥಭಾಯ್, ಮೊದಲು ನಿಮಗೆ! ಮೂರನೇ ಸದಸ್ಯರು ಪ್ರೊಫೆಸರ್ ಹೇಮಲತಾ. ಕರ್ನಾಟಕದವರು. ನಿಮ್ಮ ಜಿಲೇಬಿ ತಿನ್ನೋರು ಬಂದರಲ್ಲಪ್ಪಾ! ನಿಮ್ಮ ನೋಟ್‌ಬುಕ್ ಎಲ್ಲಕ್ಕಿಂತ ಮೇಲೆ ಇಡ್ತೀನಿ. ಯಶವಂತ್‌ಭಾಯ್ ಖುದ್ದಾಗಿ ಪಕ್ಕದಲ್ಲಿ ಕೂತು ತೋರಿಸ್ತಾರೆ.”

ಜಯತೀರ್ಥ ಪೇಢೆ ಬಾಯಿಗೆ ಹಾಕಿಕೊಂಡ. ಮೊದಲು ಬಂದದ್ದು ಸಂತೋಷ. ಯಾರೋ ಓದುತ್ತಾರೆ. ಇಷ್ಟು ವರ್ಷ ಬರೆದದ್ದನ್ನು ಕನ್ನಡ ಬಲ್ಲ ಕಣ್ಣೊಂದು ಓದುತ್ತದೆ. ಪೇಢೆ ಗಂಟಲಿಳಿಯುವಷ್ಟರಲ್ಲಿ ಪೂರ್ವಿಯ ಪುಟ ನೆನಪಾಯಿತು. ಅದನ್ನು ಹೇಮಲತಾ ಓದುವಾಗ ಯಶವಂತ್‌ಭಾಯ್ ಪಕ್ಕದಲ್ಲೇ ಕೂತಿರುತ್ತಾರೆ. ಏನು ಬರೆದಿದೆ ಎಂದು ಅವರು ಕೇಳಿದರೆ ಆಕೆ ಹೇಳುತ್ತಾರೆ. ಯಾಕೆ ಹೇಳಬಾರದು?

“ಮಂಥನ್‌ಭಾಯ್, ಆ ನೋಟ್‌ಬುಕ್ ಬೇಡ. ತೆಗೆದುಬಿಡಿ.”

“ಏನು ಮಾತಾಡ್ತೀರಿ? ದಾಖಲೆ ಪಟ್ಟಿ ಹೋಗಿ ಆಗಿದೆ. ಹದಿನಾಲ್ಕನೇ ನಂಬರು ನಿಮ್ಮ ನೋಟ್‌ಬುಕ್ಕು. ಇಲ್ಲದಿದ್ದರೆ ಮೊದಲು ಅದನ್ನೇ ಕೇಳ್ತಾರೆ.”

“ಸಾರಾಂಶ ಸರಿಯಿಲ್ಲ.”

“ಇಂಗ್ಲಿಷ್ ತಪ್ಪಿದ್ದರೆ ಬಿಡಿ, ಯಾರದ್ದು ಸರಿ ಇದೆ?” ಎಂದು ನಗುತ್ತ ಮಂಥನ್ ಮುಂದಿನ ಮೇಜಿಗೆ ಹೋದ. ಬಾಗಿಲ ಬಳಿ ತಿರುಗಿ, “ಇನ್ನೊಂದು ಮಾತು. ಆಕೆ ಜೊತೆ ಕನ್ನಡದಲ್ಲಿ ಮಾತಾಡಬೇಡಿ. ಶಿಫಾರಸು ಮಾಡಿದ ಹಾಗೆ ಕಾಣುತ್ತೆ,” ಎಂದ.

ಮರುದಿನ ಜಯತೀರ್ಥ ಪೂರ್ವಿಯನ್ನು ಕರೆಸಿದ. ಅವಳು ಬೇವಿನ ಮರದ ಹತ್ತಿರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ನೀವಾಗಿಯೇ ಕರೆಸಿದ್ದು ಇದೇ ಮೊದಲು, ಸರ್. ಏನು, ಫೇಲಾದೆನಾ?”

“ಇಲ್ಲ. ಕೂತ್ಕೋ. ನೀನು ಅವತ್ತು ಹೇಳಿದ್ದನ್ನ ನಾನು ಬರೆದಿಟ್ಟಿದ್ದೀನಿ.”

ಅವಳು ಕೂರಲಿಲ್ಲ. “ಬರೆದಿರಾ? ನನ್ನ ಹೆಸರು ಹಾಕಿ?”

“ಹೂಂ.”

ಉಳಿದದ್ದನ್ನೂ ಹೇಳಿದ. ಕನ್ನಡ ಬಲ್ಲ ಸದಸ್ಯೆ, ಪಕ್ಕದಲ್ಲಿ ಯಶವಂತ್‌ಭಾಯ್, ಮಂಥನ್‌ನ ಬೀಗ. ಪೂರ್ವಿ ಕೇಳುತ್ತ ಮರದ ತೊಗಟೆ ಕೆರೆಯುತ್ತಿದ್ದಳು.

“ನಿಮ್ಮ ಕೈಯಲ್ಲಿ ಪೆನ್ನು ಇರಲಿಲ್ಲ ಅಂತಲೇ ನಾನು ಹೇಳಿದ್ದು,” ಎಂದಳು ಕೊನೆಗೆ. “ನಮ್ಮನೇಲಿ ಎಲ್ಲರ ಕೈಯಲ್ಲೂ ಏನಾದರೂ ಇರುತ್ತೆ. ಅಪ್ಪನ ಕೈಯಲ್ಲಿ ಭೂತಗನ್ನಡಿ, ಅಮ್ಮನ ಕೈಯಲ್ಲಿ ಫೋನು. ನಿಮ್ಮ ಕೈ ಖಾಲಿ ಇತ್ತು. ಈಗ ನೋಡಿದರೆ ನೀವೂ ರಿಜಿಸ್ಟರ್ ಇಡೋರೇ.”

“ಏನು ಮಾಡಲಿ, ಹೇಳು.”

“ಬರೆಯುವಾಗ ಕೇಳಲಿಲ್ಲವಲ್ಲ, ಸರ್.”

ಅವಳು ಹೊರಟು ಹೋದಳು. ಬರೆಯುವುದೆಂದರೆ ತನಗೆ ಇನ್ನೊಮ್ಮೆ ಕೇಳಿಸಿಕೊಂಡಂತೆ ಎಂದು ಅವಳಿಗೆ ಹೇಳಬೇಕೆಂದಿದ್ದ. ಹೇಳಿದ್ದರೂ ಅದು ಅವಳಿಗೆ ಉತ್ತರವಾಗುತ್ತಿರಲಿಲ್ಲ. ಮುಂದಿನ ಎರಡು ದಿನ ನಾಲ್ಕು ಗಂಟೆಗೆ ಬೆಂಚಿನ ಹತ್ತಿರ ಯಾರೂ ಬರಲಿಲ್ಲ. ಮೂರನೆಯ ದಿನ ಏಕಾದಶಿ. ಊಟದ ಗೊಡವೆಯೂ ಇರಲಿಲ್ಲ. ಅವನು ಕತ್ತಲಾಗುವ ತನಕ ಅಲ್ಲೇ ಕೂತಿದ್ದು, ಎದ್ದು ಬಸ್ಸು ಹಿಡಿದ.

ಪುಟ ಹರಿಯೋಣವೆಂದರೆ ಸಂಖ್ಯೆ ಬಿದ್ದಿದೆ. ನೋಟ್‌ಬುಕ್ ಎತ್ತಿಟ್ಟುಬಿಡೋಣವೆಂದರೆ ಕೀಲಿ ಮಂಥನ್ ಸೊಂಟದಲ್ಲಿದೆ. ಸುಮ್ಮನಿದ್ದರೆ ಬಡ್ತಿ. ಆಕೆ ಆ ಪುಟ ತೆಗೆಯದೆಯೂ ಹೋಗಬಹುದು; ತೆಗೆದರೂ ಪಕ್ಕದವರಿಗೆ ಹೇಳದೆ ಬಿಡಬಹುದು. ಇನ್ನೂರ ಹತ್ತು ಪುಟಗಳಲ್ಲಿ ಪೂರ್ವಿಯದು ಒಂದೇ ಪುಟ. ಸಂಭವನೀಯತೆಯನ್ನು ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಆ ರಾತ್ರಿ ಅದರಿಂದ ಸಮಾಧಾನ ಸಿಗಲಿಲ್ಲ.

ಸಮಿತಿ ಬಂತು. ಎನ್‌ಸಿಸಿ ಹುಡುಗರು ಸೆಲ್ಯೂಟ್ ಹೊಡೆದರು, ಹುಡುಗಿಯರು ಗರ್ಬಾ ಮಾಡಿದರು. ಮೂವರೂ ಬೀಗ ತೆಗೆದ ಕೊಠಡಿಯ ಸೋಫಾ ನೋಡಿ ತಲೆಯಾಡಿಸಿದರು. ಎರಡನೆಯ ದಿನ ಹನ್ನೊಂದಕ್ಕೆ ಮೆಂಟರ್ ದಾಖಲೆಗಳ ಸರದಿ. ಸೆಮಿನಾರ್ ಹಾಲಿನ ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ ಕಡತಗಳನ್ನು ಹರಡಿದ್ದರು. ಹೃಷಿಕೇಶ ಸ್ವಯಂಸೇವಕನ ಬ್ಯಾಡ್ಜು ಹಾಕಿಕೊಂಡು ನೀರಿನ ಲೋಟಗಳನ್ನು ಇಡುತ್ತಿದ್ದ.

ಹೇಮಲತಾ ಐವತ್ತೈದು ದಾಟಿದ ಹೆಂಗಸು. ಹತ್ತಿಯ ಸೀರೆ, ಕನ್ನಡಕಕ್ಕೆ ಕಪ್ಪು ದಾರ. ಆಕೆಯ ಪಕ್ಕದಲ್ಲಿ ಯಶವಂತ್‌ಭಾಯ್ ಕೂತಿದ್ದರು. ಬಿಳಿ ಸಫಾರಿ, ಬೆರಳ ತುಂಬ ಉಂಗುರ, ಮುಖದ ತುಂಬ ನಗು. ಮಂಥನ್ ಎರಡೂ ಕೈಯಲ್ಲಿ ನೋಟ್‌ಬುಕ್ ಹಿಡಿದು ತಂದು ಆಕೆಯ ಮುಂದಿಟ್ಟ.

ಆಕೆ ನಡುವೆ ಎಲ್ಲೋ ತೆರೆದರು. ಅಲ್ಲಿಯ ತನಕ ಕಡತಗಳ ಮೇಲೆ ಓಡುತ್ತಿದ್ದ ಬೆರಳು ನಿಂತಿತು. ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ತನ್ನ ಅಕ್ಷರದ ಮೇಲೆ ಇನ್ನೊಬ್ಬರ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವುದನ್ನು ಜಯತೀರ್ಥ ಎದುರಿನ ಕುರ್ಚಿಯಿಂದ ನೋಡಿದ. ಯಾವ ಪುಟವೋ ತಿಳಿಯಲಿಲ್ಲ.

“ಅರೇ ವಾಹ್, ಮೇಡಂಗೆ ಓದೋಕೆ ಬರುತ್ತೆ!” ಎಂದು ಯಶವಂತ್‌ಭಾಯ್ ಚಪ್ಪಾಳೆ ತಟ್ಟಿದರು. “ಮೇಡಂ, ನಮಗೂ ಹೇಳಿ. ನಮ್ಮ ಮಕ್ಕಳು ಏನೇನು ಹೇಳಿಕೊಂಡಿದ್ದಾರೆ ನಾವೂ ಕೇಳೋಣ. ನಮ್ಮನೆಗೆ ಬರೋ ಹುಡುಗೀನೂ ಇದೇ ಕ್ಲಾಸಲ್ಲಿದ್ದಾಳೆ.”

ಹೇಮಲತಾ ಪುಟ ತಿರುಗಿಸಿದರು.

“ಮೇಡಂ, ಅದನ್ನ ಓದಬ್ಯಾಡ್ರಿ.”

ಕುರ್ಚಿ ಹಿಂದೆ ಸರಿದ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. ಜಯತೀರ್ಥ ಎದ್ದು ನಿಂತಿದ್ದ.

“ಹುಡುಗ್ರು ನನ್ನ ನಂಬಿ ಹೇಳಿದ ಮಾತವು. ಬರೆದದ್ದು ನನ್ನ ತಪ್ಪು. ದಯವಿಟ್ಟು ಮುಚ್ಚಿಬಿಡ್ರಿ, ಮೇಡಂ. ಯಾರಿಗೂ ಹೇಳಬ್ಯಾಡ್ರಿ.”

ಈ ಕ್ಯಾಂಪಸ್ಸಿನ ಹನ್ನೊಂದು ವರ್ಷದಲ್ಲಿ ಎದುರಿಗಿದ್ದ ಒಬ್ಬರಿಗೆ ಅವನಾಡಿದ ಕನ್ನಡ ಅಷ್ಟೇ. ಮಂಥನ್‌ನ ಮುಖದ ಬಣ್ಣ ಹೋಗಿತ್ತು.

“ಇಂಗ್ಲಿಷಿನಲ್ಲಿ ಮಾತಾಡಿ, ಪ್ರೊಫೆಸರ್,” ಎಂದರು ಹೇಮಲತಾ ಇಂಗ್ಲಿಷಿನಲ್ಲೇ. ದನಿಯಲ್ಲಿ ಕೋಪವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಕೈ ಮಾತ್ರ ನೋಟ್‌ಬುಕ್ಕನ್ನು ಮುಚ್ಚಿತ್ತು. “ಇದರ ಸಾರಾಂಶ ಫೈಲಿನಲ್ಲಿದೆ. ಪ್ರತಿ ಪುಟಕ್ಕೂ ಓದಿನ ವಿಷಯ ಚರ್ಚಿಸಲಾಯಿತು ಎಂದಿದೆ. ಅದು?”

“ಅದು ಸುಳ್ಳು, ಮೇಡಂ.”

“ಏನಂದರು ಇವರು? ಕನ್ನಡದಲ್ಲಿ ಏನಂದರು?” ಎಂದು ಯಶವಂತ್‌ಭಾಯ್ ಮುಂದೆ ಬಾಗಿದರು.

“ವಿದ್ಯಾರ್ಥಿಗಳ ಖಾಸಗಿ ಮಾತು ಎಂದರು. ಖಾಸಗಿಯಾದರೆ ನಾನೂ ಓದುವುದು ತಪ್ಪು, ನೀವು ಕೇಳುವುದೂ ತಪ್ಪು.” ಆಕೆ ನೋಟ್‌ಬುಕ್ಕನ್ನು ಮೇಜಿನ ಆಚೆಗೆ, ಜಯತೀರ್ಥನ ಕಡೆಗೆ ಸರಿಸಿದರು. “ಆದರೆ ಸಾರಾಂಶ ಸುಳ್ಳೆಂದು ನೀವೇ ಹೇಳಿದ ಮೇಲೆ ನಿಮ್ಮ ವಿಭಾಗಕ್ಕೆ ಈ ಅಂಶದಲ್ಲಿ ದಾಖಲೆ ಇಲ್ಲ ಎಂದೇ ನಾನು ಬರೆದುಕೊಳ್ಳಬೇಕಾಗುತ್ತದೆ.”

“ಬರೆದುಕೊಳ್ಳಿ, ಮೇಡಂ.”

ಆಕೆ ಬರೆದುಕೊಂಡರು. ಮುಂದಿನ ರಿಜಿಸ್ಟರ್ ತೆಗೆದರು.

ಸಂಜೆ ಸಮಿತಿ ಹೊರಟಾಗ ಅಧ್ಯಾಪ‌ಕರೆಲ್ಲ ಕುಂಡಗಳ ಪಕ್ಕ ಸಾಲಾಗಿ ಕೈ ಮುಗಿದು ನಿಂತರು. ಹೇಮಲತಾ ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಬರುತ್ತಿದ್ದರು. ಹೊರನಾಡಿನಲ್ಲಿ ಕನ್ನಡದವರು ಕನ್ನಡದವರನ್ನು ಕಂಡರೆ ಯಾವೂರು ಎಂದು ಕೇಳದೆ ಬಿಡುವುದಿಲ್ಲ. ಅಧಿಕಾರದ ಕೆಲಸ ಮುಗಿಯಿತಲ್ಲ, ಈಗ ಕೇಳಬಹುದು. ‘ಸಿಂಧನೂರ ಹತ್ರ ರೀ’ ಎಂಬ ಉತ್ತರ ಜಯತೀರ್ಥನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆಕೆ ಅವನಿಗೂ ಎಲ್ಲರಿಗೆ ಮುಗಿದಷ್ಟೇ ಹೊತ್ತು ಕೈ ಮುಗಿದು, ಮುಂದಿನವರ ಕಡೆ ತಿರುಗಿ, ಕಾರು ಹತ್ತಿದರು.

ಹದಿನೈದು ದಿನಕ್ಕೆ ಶ್ರೇಣಿ ಬಂತು. ಬಯಸಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅದು ಒಂದು ನೋಟ್‌ಬುಕ್ಕಿನಿಂದ ಆದದ್ದಲ್ಲವೆಂದು ಮಂಥನ್‌ಗೆ ಗೊತ್ತಿತ್ತು. ಆದರೂ ಸ್ಟಾಫ್ ರೂಮಿನಲ್ಲಿ ಬಂದು ಪಕ್ಕದಲ್ಲಿ ಕೂತ.

“ಮೂವತ್ತೊಂಬತ್ತು ಸುಳ್ಳು ಪಾಸಾದವು, ಭಾಯ್. ನಿಮ್ಮದೊಂದು ನಿಜ ಫೇಲಾಯ್ತು,” ಎಂದ. ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. “ನಿಮ್ಮ ಫೈಲು ವಾಪಸ್ ಬಂದಿದೆ. ಮುಂದಿನ ವರ್ಷ ನೋಡೋಣ ಅಂತ ಬರೆದಿದ್ದಾರೆ. ಆ ಪುಸ್ತಕದಲ್ಲಿ ಅಂಥದ್ದೇನಿತ್ತು?”

ಜಯತೀರ್ಥ ಚೀಲವನ್ನು ತನ್ನ ಕಡೆ ಎಳೆದುಕೊಂಡ. ಮಂಥನ್ ಅದನ್ನು ನೋಡಿ, “ಹೇಳಬೇಡಿ,” ಎಂದು ತನ್ನ ಡಬ್ಬಿ ತೆರೆದು ಅವನ ಮುಂದೆ ಹಿಡಿದ.

ಬಾಡಿಗೆಯ ಕುಂಡಗಳು ಆಗಲೇ ಹೋಗಿದ್ದವು. ನೆಲದ ಮೇಲೆ ದುಂಡನೆಯ ನೀರಿನ ಕಲೆಗಳು ಉಳಿದಿದ್ದವು. ಅಖಾತ್ರೀಜ್ ಬಂದು ಹೋಯಿತು. ಪೂರ್ವಿಯ ಮದುವೆ ನಡೆಯಲಿಲ್ಲವೆಂಬ ಸುದ್ದಿ ಕ್ಯಾಂಟೀನಿನಲ್ಲಿ ಓಡಾಡಿತು. ಜಯತೀರ್ಥ ನಾಲ್ಕು ಗಂಟೆಗೆ ಬೆಂಚಿನ ಮೇಲೆ ಕೂರುವುದನ್ನು ಬಿಡಲಿಲ್ಲ. ಬಿಸಿಲು ಇಳಿಯುವುದನ್ನು ನೋಡಿ ಎದ್ದು ಬರುತ್ತಿದ್ದ. ಬರೆಯುವುದನ್ನು ಬಿಟ್ಟಿದ್ದ.

ಜುಲೈ ಮೊದಲ ವಾರದಲ್ಲಿ ಅವಳು ಬಂದಳು. ಹೆಗಲಿಗೆ ದೊಡ್ಡ ಚೀಲ, ಕೈಯಲ್ಲಿ ಅಂಕಪಟ್ಟಿಯ ಲಕೋಟೆ. ಈ ಸಲ ಕೇಳದೆಯೇ ಕೂತಳು.

“ಇಂದಿನ ರೈಲಿಗೆ ಅಹಮದಾಬಾದ್, ಸರ್. ವಸ್ತ್ರಾಪುರದಲ್ಲಿ ಪೀಜಿ ಸಿಕ್ಕಿದೆ. ಕಿಟಕಿಯಿಂದ ಕೆರೆ ಕಾಣುತ್ತಂತೆ. ಕೋಣೆಯಲ್ಲಿ ನಾಲ್ಕು ಜನ, ಕಿಟಕಿ ಯಾರ ಪಾಲಿಗೋ.”

“ಹೂಂ.”

“ಹೃಷಿಕೇಶ ಎಲ್ಲಾ ಹೇಳಿದ. ನೀವು ಅಷ್ಟು ಜನರ ಮುಂದೆ ಎದ್ದು ನಿಂತು, ಅದು ಸುಳ್ಳು ಅಂದಿರಂತೆ. ಸರ್ ಅಷ್ಟು ಜನಕ್ಕೆ ಹೇಳಿದರು, ನಾನು ಅಮ್ಮನೊಬ್ಬಳಿಗೆ ಹೇಳಕ್ಕಾಗಲ್ವಾ ಅನ್ನಿಸ್ತು. ಸೀಟು ಸಿಕ್ಕ ದಿನವೇ ಹೇಳಿದೆ. ಅಮ್ಮ ಎರಡು ದಿನ ಮಾತು ಬಿಟ್ಟಳು. ಅಪ್ಪ ಇನ್ನೂ ಬಿಟ್ಟಿದ್ದಾರೆ.” ಅವಳು ಲಕೋಟೆಯ ಅಂಚು ಮಡಿಸಿದಳು. “ಉಂಗುರ ವಾಪಸ್ ಕೊಡೋಕೆ ನಾನೇ ಹೋದೆ.”

“ಹೂಂ.”

ಜಯತೀರ್ಥ ಚೀಲದಿಂದ ನೋಟ್‌ಬುಕ್ ತೆಗೆದ. ಕಳೆದ ಒಂದು ತಿಂಗಳಲ್ಲಿ ಅವನು ಅದರ ಹೊಲಿಗೆ ಬಿಚ್ಚಿ, ಸಿಕ್ಕ ಹುಡುಗರಿಗೆಲ್ಲ ಅವರವರ ಹಾಳೆ ಕೊಟ್ಟಿದ್ದ. ಓದಲು ಬಾರದ ಹಾಳೆಗಳನ್ನು ಅವರು ಮಡಿಸಿ ಜೇಬಿಗಿಟ್ಟುಕೊಂಡು ಹೋಗಿದ್ದರು. ಪೂರ್ವಿಯ ಹಾಳೆಯನ್ನು ತೆಗೆದು ಅವಳ ಕೈಗೆ ಕೊಟ್ಟ.

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದರಲ್ಲಿ ನಾನು ಎಲ್ಲಿದ್ದೀನಿ?”

ಅವನು ಬೆರಳಿಟ್ಟು ತೋರಿಸಿದ. ಅವಳು ತನ್ನ ಹೆಸರನ್ನು ಸ್ವಲ್ಪ ಹೊತ್ತು ನೋಡಿ, ಹಾಳೆಯನ್ನು ಅವನಿಗೇ ವಾಪಸ್ ಕೊಟ್ಟಳು. “ಓದಿ, ಸರ್. ನಿಮ್ಮ ಭಾಷೆಯಲ್ಲೇ.”

“ನಿನಗೆ ತಿಳಿಯಲ್ಲ.”

“ನನ್ನ ಮಾತೇ ಅಲ್ವಾ. ನನಗೆ ಗೊತ್ತಿರೋದೇ.”

ಅವನು ಓದಿದ. ಅವಳು ತಲೆ ಬಗ್ಗಿಸಿ ಕೇಳುತ್ತಿದ್ದಳು. ಮೊದಲ ವಾಕ್ಯದ ನಡುವೆಯೇ “ಹೂಂ” ಎಂದಳು, ಅದು ಸ್ಥಳವಲ್ಲ. ಎರಡನೆಯದಕ್ಕೆ ತಡವಾಯಿತು. ಮೂರನೆಯದಕ್ಕೆ ಅವನ ಉಸಿರು ಎಲ್ಲಿ ಇಳಿಯಿತೋ ಅಲ್ಲಿಗೆ ಸರಿಯಾಗಿ ಬಂತು. ಉಂಗುರ ಕಂಪಾಸ್ ಡಬ್ಬಿಯಲ್ಲಿತ್ತು ಎಂಬಲ್ಲಿಗೆ ಮುಗಿಯಿತು.

“ಹಿಂದೆ ಇನ್ನೂ ಇದೆ,” ಎಂದಳು ಹಾಳೆಯ ಬೆನ್ನಿನ ಕಡೆ ಬಗ್ಗಿ ನೋಡಿ.

“ಅದು ನಿನ್ನದಲ್ಲ. ಮಾರನೇ ದಿನದ್ದು. ನನ್ನದು.”

“ಓದಿ.”

ಜಯತೀರ್ಥ ಹಾಳೆ ತಿರುಗಿಸಿದ. ‘ಇವತ್ತು ಯಾರೂ ಬರಲಿಲ್ಲ,’ ಎಂದು ಓದಿದ. ‘ಸೂರತ್‌ಗೆ ಫೋನ್ ಮಾಡಿದೆ. ಪದ್ಮಾ ಊಟ ಆಯ್ತಾ ಅಂದಳು. ಆಗ ಗಂಟೆ ನಾಲ್ಕೂವರೆ.’

ಸೂರತ್, ಫೋನ್ ಎಂಬೆರಡು ಬಿಟ್ಟರೆ ಪೂರ್ವಿಗೆ ಏನೂ ತಿಳಿದಿರಲಾರದು. ಬೇವಿನ ಮರದಲ್ಲಿ ಗಿಳಿಗಳ ಗದ್ದಲವಿತ್ತು. ಅವಳು ಮುಂದಿನದು ಇದೆಯೇ ಎಂದು ಅವನ ಮುಖ ನೋಡಿದಳು. ಇಲ್ಲವೆಂದು ತಿಳಿದ ಮೇಲೆ, ಮೆಲ್ಲಗೆ, “ಹೂಂ” ಎಂದಳು.

ರೈಲಿಗೆ ಹೊತ್ತಾಗುತ್ತಿತ್ತು. ಆ ಹಾಳೆಯನ್ನು ಎರಡು ತುಂಡು ಮಾಡುವಂತಿರಲಿಲ್ಲ. ಅವಳು ಅದನ್ನು ಹಾಗೆಯೇ ಮಡಿಸಿ ಅಂಕಪಟ್ಟಿಯ ಲಕೋಟೆಯೊಳಗಿಟ್ಟು, ಚೀಲ ಹೆಗಲಿಗೇರಿಸಿಕೊಂಡು, ಗೇಟಿನ ಕಡೆ ನಡೆದಳು.